ಒಲಿ ಒಂದ, ವಯಸ್ಸು ಮೂರು: ರೊಟ್ಟಿ ಊಟದಾಗ ಏನು ತಿದ್ದಬೇಕು?

ಇಂಡಿ_ಅಡಗಿಮನಿ:
ನಮಸ್ಕಾರ್ರಿ. ಮನ್ಯಾಗ 8 ತಿಂಗಳ ಕೂಸು, 14 ವರ್ಷದ ಹುಡುಗಿ, 72 ವರ್ಷದ ಮಾವಾರು. ಹುಡುಗಿಗೆ ಹಿಮೋಗ್ಲೋಬಿನ್ 9.6. ಮಾವಾರಿಗೆ ಸಕ್ಕರಿ ಕಾಯಿಲೆ, ಹಲ್ಲಿಲ್ಲ, ರೊಟ್ಟಿ ಬಿಟ್ಟು ಬರೇ ಅನ್ನ ಉಣ್ತಾರ. ದಿನಾ ಬಿಳಿಜೋಳದ ರೊಟ್ಟಿ, ಬ್ಯಾಳಿ, ಒಂದು ಪಲ್ಯ, ಶೇಂಗಾ ಚಟ್ನಿ ಇರ್ತದ. ಮೂರು ತರದ ಅಡಗಿ ಮಾಡೂದು ಆಗೂದಿಲ್ಲ. ಇದರಾಗ ಏನು ತಿದ್ದಲಿ? ಕೂಸಿಗೆ ಜೋಳ ಮೊಳಕಿ ಬರಿಸಿ ಹಿಟ್ಟು ಮಾಡಬಹುದೇನ್ರಿ?

ಮುಧೋಳ_ಆಹಾರ:
ಜೋಳದ ಮೊಳಕಿ ಬ್ಯಾಡ್ರಿ. ಅದರಾಗ ಧುರಿನ್ ಅನ್ನೂ ಅಂಶ ಇರ್ತದ, ಅದು ಒಡದ್ರ ಸಯನೈಡ್ ಆಗ್ತದ. ಎಳೀ ಜೋಳ ಮೇಯ್ದ ದನಕ್ಕ ವಿಷ ಏರೂದೂ ಇದರಿಂದನ. ಚಿಗುರು, ಬೇರು ತಿಕ್ಕಿ ತಗದ್ರ ಬಹಳಷ್ಟು ಹೋಗ್ತದ, ಖರೆ, ಆದ್ರ ಕೂಸಿಗೆ ಆ ಗೊಡವಿ ಯಾಕ? ಮೊಳಕಿ ಬರಿಸದ ಜೋಳದ ಹಿಟ್ಟಿನ ಗಂಜಿಗೆ ಏನೂ ಅಡ್ಡಿ ಇಲ್ಲ.

ಮೊಳಕಿಗೆ ರಾಗಿ ತಗೋರಿ. 12 ತಾಸು ನೆನಸಿ, ಒದ್ದಿ ಬಟ್ಟಿಯಾಗ ಒಂದೆರಡು ದಿನ ಕಟ್ಟಿಟ್ಟು, ಒಣಗಿಸಿ, ಸಣ್ಣ ಉರಿಮ್ಯಾಲ ಹಗರಕ ಹುರಿದು ಬೀಸ್ರಿ. ಬೂಸಲ ವಾಸನಿ ಬಂದ್ರ ಚೆಲ್ಲಿಬಿಡ್ರಿ. ಕೆಂಪಗ ಹುರದ್ರ ಗಂಜಿ ತೆಳು ಮಾಡೂ ಕಿಣ್ವ ಸಾಯ್ತದ. ಆ ಕಿಣ್ವದ ಸಲುವಾಗೇ ಇಷ್ಟೆಲ್ಲಾ ಮಾಡೂದು: ಗಟ್ಟಿ ಗಂಜಿ ಸ್ವಲ್ಪ ಆರಿದ ಮ್ಯಾಲ ಅರ್ಧ ಚಮಚ ಈ ಹಿಟ್ಟು ಕಲಸಿದ್ರ ನೀರು ಹಾಕದ ಮೆತ್ತಗಾಗ್ತದ, ಅದಕ್ಕ ಸಣ್ಣ ಹೊಟ್ಟಿಗೆ ಹೆಚ್ಚು ಹಿಟ್ಟು ಇಳೀತದ. ಕಡೀಕ ಇನ್ನೊಂದು ಕುದಿ ಕೊಡ್ರಿ.

ನಮ್ಮ ಕಡೆ ಆಗೂ ದೊಡ್ಡ ತಪ್ಪು ಅಂದ್ರ ಕೂಸಿಗೆ ಬರೇ ಬ್ಯಾಳಿ ಕಟ್ಟು ಕೊಡೂದು. ಅದು ನೀರು, ಅದರಾಗ ಕಾಳಿನ ಸತ್ವ ಕಡಿಮಿ. ಉಪ್ಪು, ಖಾರ ಹಾಕೂ ಮೊದಲ ಬ್ಯಾಳಿ ತಗದಿಟ್ಟು, ಹಿಸುಕಿ, ಒಂದು ಸಣ್ಣ ಚಮಚ ತುಪ್ಪ ಹಾಕ್ರಿ. ಚಮಚ ವಾಲಿಸಿದ್ರ ಹರೀಬಾರದು, ಜಾರಬೇಕು. 8 ತಿಂಗಳಿಗೆ ದಿನಕ್ಕ 2-3 ಸಲ, ಒಂದು ಸಲಕ್ಕ 250 ಮಿ.ಲೀ. ಬಟ್ಟಲದ ಅರ್ಧದ ತನಕ, ಎದಿಹಾಲಿನ ಜೋಡಿ. 9 ತುಂಬಿದ ಮ್ಯಾಲ 3-4 ಸಲ. ವರ್ಷ ತುಂಬೂ ತನಕ ಜೇನುತುಪ್ಪ ಬ್ಯಾಡ, ಎದಿಹಾಲಿನ ಬದಲಿ ಆಕಳ ಹಾಲೂ ಬ್ಯಾಡ.

ಗೋಕಾಕ_ಕಾಳುಕಡಿ:
ಹುಡುಗಿಯ 9.6 ಮಧ್ಯಮ ರಕ್ತಹೀನತೆ. ಆ ವಯಸ್ಸಿಗೆ 12 ಇರಬೇಕು. ಊಟ ಒಂದರಿಂದಲೇ ಇದು ಏರುವುದಿಲ್ಲ, ವೈದ್ಯರು ಬರೆದ ಕಬ್ಬಿಣದ ಗುಳಿಗೆ ಬೇಕೇ ಬೇಕು. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಗುಳಿಗೆಯಲ್ಲಿ 60 ಮಿ.ಗ್ರಾಂ ಕಬ್ಬಿಣ ಇರುತ್ತದೆ, ಆದರೆ ಅದು ತಡೆಗೆ, ಚಿಕಿತ್ಸೆಗೆ ಅಲ್ಲ. ಗುಳಿಗೆಯನ್ನು ಹಾಲು, ಚಹಾ, ಕ್ಯಾಲ್ಸಿಯಂ ಜೊತೆ ಕೊಡಬೇಡಿ. ಮಲ ಕಪ್ಪಾದರೆ ಹೆದರಬೇಡಿ. ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತಿದ್ದರೆ ಅದನ್ನೂ ಹೇಳಿ.

ಜೋಳದಲ್ಲಿ ಕಬ್ಬಿಣ ಇದೆ, ಆದರೆ ಕಾಳಿನಲ್ಲೇ ಇರುವ ಫೈಟೇಟ್ ಎಂಬ ಅಂಶ ಅದನ್ನು ಮೈಗೆ ಹತ್ತದಂತೆ ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಬಿಡಿಸಲು ಲಿಂಬೆ ಸಾಕು, ನಿಮ್ಮ ಇಂಡಿಯಲ್ಲಿ ಅದಕ್ಕೇನು ಬರವೇ! ಬೇಳೆ ಒಲೆಯಿಂದ ಇಳಿಸಿದ ಮೇಲೆ ಹಿಂಡಿ, ಕುದಿಯುವಾಗ ಹಿಂಡಿದರೆ ಸಿ ಜೀವಸತ್ವ ಹಾಳಾಗುತ್ತದೆ. ಪ್ಯಾರಲ ಹಣ್ಣೂ ಆದೀತು. ವಾರದಲ್ಲಿ ಮೂರು ದಿನ ಬೇಳೆಯ ಬದಲು ಮೊಳಕೆ ಬಂದ ಮಡಿಕೆ ಕಾಳು ಬೇಯಿಸಿ. ಊಟದ ಹಿಂದೆ-ಮುಂದೆ ಒಂದು ಗಂಟೆ ಚಹಾ ಬೇಡ. ಎಲ್ಲಕ್ಕಿಂತ ಮೊದಲು ನಿಲ್ಲಬೇಕಾದದ್ದು ಇದೇ.

ಬಾದಾಮಿ_ಹಿರಿಯರ_ಊಟ:
ಮಾವಾರಿಗೆ ಜೋಳದ ನುಚ್ಚು ಮಾಡ್ರಿ. ಒಂದು ಬಟ್ಟಲ ನುಚ್ಚು ನೆನಸಿಟ್ಟು ನಾಲ್ಕು ಬಟ್ಟಲ ನೀರಿನಾಗ ಕುದಿಸ್ರಿ, ಮಜ್ಜಿಗಿ ಜೋಡಿ ಕೊಡ್ರಿ. ಬಿಸಿ ರೊಟ್ಟಿ ಮುರಿದು ಗಟ್ಟಿ ಬ್ಯಾಳಿಯೊಳಗ ಹತ್ತು ನಿಮಿಷ ನೆನಸಿದ್ರೂ ನಡೀತದ. ಆದ್ರ ಜೋಳಕ್ಕ ಸಕ್ಕರಿ ಏರೂದ ಇಲ್ಲ ಅನ್ನೂ ಮಾತು ನಂಬಬ್ಯಾಡ್ರಿ. 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಯೊಳಗ ಸುಮಾರು 35 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಇರ್ತದ. ಅಳತಿ ಹಿಡೀರಿ.

ಹಲ್ಲಿಲ್ಲದವರು ಬರೇ ಅನ್ನ ಉಂಡ್ರ ಪ್ರೋಟೀನ್ ಕಡಿಮಿ ಬಿದ್ದು ಮೈಯಾಗಿನ ಸ್ನಾಯು ಕರಗ್ತಾವ. 60 ಕೆ.ಜಿ. ತೂಕಕ್ಕ ದಿನಾ ಸುಮಾರು 60 ಗ್ರಾಂ ಪ್ರೋಟೀನ್ ಬೇಕು: ಎರಡೂ ಹೊತ್ತು ಗಟ್ಟಿ ಬ್ಯಾಳಿ, ಎರಡು ಬಟ್ಟಲ ಮೊಸರು, ಸಣ್ಣಗ ಕುಟ್ಟಿದ ಶೇಂಗಾ, ತಿನ್ನೂವರಾದ್ರ ತತ್ತಿ. ಕಿಡ್ನಿ ತೊಂದರಿ ಇದ್ರ ಮೊದಲ ಡಾಕ್ಟರ್‌ಗೆ ಕೇಳ್ರಿ. ಸಕ್ಕರಿ ಕಾಯಿಲೆಯ ಮೆಟ್‌ಫಾರ್ಮಿನ್ ಗುಳಿಗಿ ಬಹಳ ವರ್ಷದಿಂದ ತಗೊಳ್ಳಾಕತ್ತಿದ್ರ ಬಿ12 ಪರೀಕ್ಷೆ ಮಾಡಿಸ್ರಿ, ಆ ಗುಳಿಗಿ ಬಿ12 ಹೀರೂದನ್ನ ತಗ್ಗಿಸ್ತದ. ಉಪ್ಪು ದಿನಕ್ಕ 5 ಗ್ರಾಂ ದಾಟಬಾರದು, ಚಟ್ನಿ, ಉಪ್ಪಿನಕಾಯಿ, ಹಪ್ಪಳ ಎಲ್ಲಾ ಸೇರಿ.

ಇಂಡಿ_ಅಡಗಿಮನಿ:
ಭಾಳ ಉಪಕಾರ ಆತ್ರಿ. ಪುಂಡಿ ಪಲ್ಯ ಕಬ್ಬಿಣದ ಕಡಾಯಿಯಾಗ ಮಾಡಿದ್ರ ಹುಡುಗಿಗೆ ಛಲೋ ಏನು?

ಗೋಕಾಕ_ಕಾಳುಕಡಿ:
ಹೌದು, ಪುಂಡಿಯ ಹುಳಿಗೆ ಕಡಾಯಿ ಕಬ್ಬಿಣ ಬಿಡುತ್ತದೆ. ಬೆಂದ ಕೂಡಲೇ ಬೇರೆ ಪಾತ್ರೆಗೆ ತೆಗೆಯಿರಿ, ಅಲ್ಲೇ ಬಿಟ್ಟರೆ ಪಲ್ಯ ಕಪ್ಪಾಗಿ ಒಗರಾಗುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾತ್ರ ಪುಂಡಿ ಬೇಯಿಸಬೇಡಿ.