ನಾಟಿ ಟೊಮೇಟೊದಲ್ಲಿ ಸತ್ವ ಜಾಸ್ತಿಯೇ? ಹೈಬ್ರಿಡ್ ಹಣ್ಣಿನ ಬೀಜ ಉಳಿಸಬಹುದೇ?

ಕೆಮ್ಮಣ್ಣು: ಹೈಬ್ರಿಡ್‌ಗಿಂತ ನಾಟಿ ಟೊಮೇಟೊದಲ್ಲಿ ಪೋಷಕಾಂಶ ಜಾಸ್ತಿ ಅಂತಾರೆ, ನಿಜವೇ? ಅರ್ಕಾ ರಕ್ಷಕ್ ಎಂಬ ಹೈಬ್ರಿಡ್ ಹಣ್ಣಿನ ಬೀಜ ಬಿತ್ತಿದರೆ ಅದೇ ತಳಿ ಬರುತ್ತದೆಯೇ? ಇನ್ನೊಂದು, ಏಪ್ರಿಲ್-ಮೇನಲ್ಲಿ ಹಣ್ಣು ಕೆಂಪಾಗದೆ ಕಿತ್ತಳೆಗೇ ನಿಲ್ಲುತ್ತಿದೆ. ಬೀಜದ ದೋಷವೇ?

ಹಿತ್ತಲಗಿಡ: ನಾಟಿ ಅನ್ನೋದು ಒಂದು ತಳಿಯಲ್ಲ, ಹೆಸರು ನೋಡಿ ಸತ್ವ ಹೇಳಲಾಗದು. ಸಾಮಾನ್ಯ ಕೆಂಪು ಟೊಮೇಟೊದ 100 ಗ್ರಾಂನಲ್ಲಿ ಸುಮಾರು 14 ಮಿ.ಗ್ರಾಂ ಸಿ ಜೀವಸತ್ವ, 2.5 ಮಿ.ಗ್ರಾಂ ಲೈಕೋಪೀನ್ ಎಂಬ ಕೆಂಪು ವರ್ಣಕ ಇರುತ್ತದೆ. ನಾಟಿಯ ಹುಳಿರುಚಿಗೆ ಕಾರಣ ಬೀಜದ ಸುತ್ತಲಿನ ಲೋಳೆ. ಆಮ್ಲ ಹೆಚ್ಚಿರುವುದು ಅಲ್ಲೇ. ದೂರದ ಮಾರುಕಟ್ಟೆಗೆಂದು ಬೆಳೆಸಿದ ದಪ್ಪ ತಿರುಳಿನ ಹೈಬ್ರಿಡ್‌ಗಳಲ್ಲಿ ಲೋಳೆ ಕಡಿಮೆ, ಸಾರಿಗೆ ಹಾಕಿದರೆ ಹುಳಿ ಸಾಲದು. ಸಿಹಿ ಬೇಕಾದರೆ ಚೆರ್ರಿ ಟೊಮೇಟೊ ಬೆಳೆಯಿರಿ: ದೊಡ್ಡ ಹಣ್ಣು ಸಿಹಿ ಅಳೆಯುವ ಬ್ರಿಕ್ಸ್ ಮಾಪಕದಲ್ಲಿ 4-5 ತೋರಿಸಿದರೆ ಇದು 7-9 ತೋರಿಸುತ್ತದೆ. ಬಣ್ಣವನ್ನೂ ಗಮನಿಸಿ. ಹಳದಿ ತಳಿಯಲ್ಲಿ ಲೈಕೋಪೀನ್ ಇಲ್ಲವೆನ್ನುವಷ್ಟು ಕಡಿಮೆ. ಕೆಲವು ಕಿತ್ತಳೆ ತಳಿಗಳಲ್ಲಿ ಅದೇ ಬೀಟಾ ಕ್ಯಾರೋಟಿನ್ ಎಂಬ ಕಿತ್ತಳೆ ವರ್ಣಕವಾಗಿ ಮಾರ್ಪಡುತ್ತದೆ. ಲೈಕೋಪೀನ್ ಚೆನ್ನಾಗಿ ಮೈಗೆ ಹತ್ತಬೇಕಾದರೆ ಎಣ್ಣೆಯಲ್ಲಿ ಬೇಯಿಸಿ ತಿನ್ನಬೇಕು. ಹಸಿ ಸಲಾಡ್ ಸಿ ಜೀವಸತ್ವಕ್ಕೆ ಒಳ್ಳೆಯದು.

ತಳಿಬೀಜ: ಅರ್ಕಾ ರಕ್ಷಕ್ ಎಫ್1 ಹೈಬ್ರಿಡ್, ಅಂದರೆ ಎರಡು ತಳಿ ಕೂಡಿಸಿ ಪಡೆದ ಮೊದಲ ಪೀಳಿಗೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದನ್ನು ಎಲೆ ಮುಟುರು, ದುಂಡಾಣು ಸೊರಗು, ಎಲೆ ಅಂಗಮಾರಿ ಮೂರನ್ನೂ ತಡೆಯುವಂತೆ ರೂಪಿಸಿದೆ. ಅದರ ಬೀಜದಿಂದ ಬಂದ ಗಿಡಗಳಲ್ಲಿ ಈ ಗುಣಗಳು ಒಡೆದು ಹಂಚಿಹೋಗುತ್ತವೆ. ಒಂದೇ ಪ್ರಬಲ ವಂಶವಾಹಿಯಿಂದ ಬರುವ ನಿರೋಧಕತೆಯೂ ನಾಲ್ಕರಲ್ಲೊಂದು ಗಿಡಕ್ಕೆ ಸಿಗುವುದಿಲ್ಲ. ಎಲೆ ಮುಟುರು ಹರಡುವ ಬಿಳಿ ನೊಣ ಬಂದಾಗ ಎಲ್ಲ ಗಿಡ ಒಂದೇ ರೀತಿ ತಡೆದೀತು ಎಂದುಕೊಳ್ಳಬೇಡಿ. ಟೊಮೇಟೊ ದಕ್ಷಿಣ ಅಮೆರಿಕದಿಂದ ಮೆಕ್ಸಿಕೊ, ಯುರೋಪ್ ದಾಟಿ ನಮ್ಮಲ್ಲಿಗೆ ಬರುವಾಗ ಪ್ರತಿ ಹೆಜ್ಜೆಗೂ ಬಂದದ್ದು ಬೆರಳೆಣಿಕೆಯ ಬೀಜ. ಹಾಗಾಗಿ ಬೆಳೆಯುವ ಟೊಮೇಟೊದ ವೈವಿಧ್ಯ ತೀರಾ ಕಿರಿದು. ಬೇರಿಗೆ ಗಂಟು ಕಟ್ಟುವ ಜಂತುಹುಳು ತಡೆಯುವ ಎಂಐ, ಎಲೆ ಮುಟುರು ತಡೆಯುವ ಟಿವೈ-2 ವಂಶವಾಹಿಗಳು ಕಾಡು ಟೊಮೇಟೊಗಳಿಂದಲೇ ಬಂದವು. ಬೀಜ ಉಳಿಸುವ ಆಸೆಯಿದ್ದರೆ ಅರ್ಕಾ ವಿಕಾಸ್‌ನಂಥ ಹೈಬ್ರಿಡ್ ಅಲ್ಲದ ತಳಿ ಹಾಕಿ.

ಹಿತ್ತಲಗಿಡ: ಕಿತ್ತಳೆ ಬಣ್ಣಕ್ಕೆ ಬೀಜ ಕಾರಣವಲ್ಲ. ಹಣ್ಣಿನ ಉಷ್ಣತೆ 30-32 ಡಿಗ್ರಿ ದಾಟಿದರೆ ಲೈಕೋಪೀನ್ ತಯಾರಾಗುವುದು ಕುಂಠಿತವಾಗುತ್ತದೆ, ಕ್ಯಾರೋಟಿನ್ ಮಾತ್ರ ಮುಂದುವರಿಯುತ್ತದೆ. ಹಣ್ಣಿಗೆ ನೆರಳು ಕೊಡುವ ಎಲೆ ಸವರಬೇಡಿ. ತುದಿಗೆ ಗುಲಾಬಿ ಬಣ್ಣ ಬಂದ ಕೂಡಲೇ ಕಿತ್ತು 20-25 ಡಿಗ್ರಿಯ ನೆರಳಲ್ಲಿ ಹಣ್ಣು ಮಾಡಿ. ಫ್ರಿಜ್‌ನಲ್ಲಿ ಬೇಡ, ಘಮ ಹೋಗುತ್ತದೆ.

ತಳಿಬೀಜ: ಬೀಜಕ್ಕೆ ರೋಗವಿಲ್ಲದ ಐದಾರು ಗಿಡ ಆರಿಸಿ, ಪೂರ್ತಿ ಹಣ್ಣಾದದ್ದನ್ನೇ ಕೀಳಿ. ಟೊಮೇಟೊದಲ್ಲಿ ಸ್ವಪರಾಗವೇ ಹೆಚ್ಚು, ಆದರೂ ಬೇರೆ ತಳಿ ಪಕ್ಕದಲ್ಲಿ ಬೇಡ. ಲೋಳೆ ಸಮೇತ ಬೀಜವನ್ನು ನೀರು ಸೇರಿಸದೆ ಗಾಜಿನ ಪಾತ್ರೆಯಲ್ಲಿ ಹುಳಿಯಲು ಬಿಡಿ. ಬೇಸಿಗೆಯಲ್ಲಿ 24 ಗಂಟೆ ಸಾಕು, ಚಳಿಗಾಲದಲ್ಲಿ 48. ಮೀರಿದರೆ ಪಾತ್ರೆಯಲ್ಲೇ ಮೊಳಕೆ ಒಡೆಯುತ್ತದೆ. ನೀರು ಹೊಯ್ದು ತೊಳೆಯುವಾಗ ತೇಲಿದ ಬೀಜ ಚೆಲ್ಲಿ. ಕಾಗದದ ಮೇಲೆ ಹರವಿದರೆ ಅಂಟಿಕೊಳ್ಳುತ್ತದೆ, ತಟ್ಟೆಯಲ್ಲಿ ನೆರಳಿಗಿಟ್ಟು ದಿನಕ್ಕೆ ಎರಡು ಬಾರಿ ಕೈಯಾಡಿಸಿ.