ನಮ್ಮ ಆಲೆಮನೆ, ಬೆಳ್ಳೂರಿನ ಕೊಕ್ಕರೆ: ಡಿಎಸ್‌ಎಲ್‌ಆರ್ ತಗೊಳ್ಳಲೋ, ಚಿಕ್ಕ ಕ್ಯಾಮೆರಾ ಸಾಕೋ?

ಮದ್ದೂರು_ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಮದ್ದೂರು ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಕ್ಯಾಮೆರಾ ಬಗ್ಗೆ ನನಗೆ ಗೊತ್ತಿರುವುದು ಹತ್ತನೇ ಕ್ಲಾಸಿನ ಪೀನ ಮಸೂರದಷ್ಟೇ. ಚೀಟಿ ಎತ್ತಿದ ದುಡ್ಡಲ್ಲಿ 45 ಸಾವಿರ ಪಕ್ಕಕ್ಕೆ ಇಟ್ಟಿದ್ದೇನೆ. ಅದರ ಮೇಲೆ ಒಂದು ರೂಪಾಯಿಯೂ ಇಲ್ಲ.

ಯಾಕೆ ಬೇಕು ಅಂದರೆ, ಮಕ್ಕಳನ್ನು ಕರೆದುಕೊಂಡು ವರ್ಷಕ್ಕೆ ಮೂರು ನಾಲ್ಕು ಸಲ ಕೊಕ್ಕರೆ ಬೆಳ್ಳೂರಿಗೆ ಹೋಗುತ್ತೇನೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟಿರುತ್ತವಲ್ಲ, ಅದರ ಫೋಟೊ ಬೇಕು. ಸ್ಕೂಲ್ ಡೇ, ಸ್ವಾತಂತ್ರ್ಯ ದಿನಾಚರಣೆ ಹೇಗೂ ಇದ್ದೇ ಇರುತ್ತೆ. ಮೂರನೆಯದು ನಮ್ಮ ಮಾವನ ಆಲೆಮನೆ. ಈ ವರ್ಷವೇ ಕೊನೆ. ಆಳು ಸಿಗುತ್ತಿಲ್ಲ, ಮಾವನಿಗೂ ಕೈಲಾಗುತ್ತಿಲ್ಲ. ಮುಂದಿನ ವರ್ಷದಿಂದ ಕಬ್ಬು ಫ್ಯಾಕ್ಟರಿಗೆ. ಅದನ್ನೂ ಒಂದಿಷ್ಟು ತೆಗೆದಿಡೋಣ ಅಂತ.

ಮೈಸೂರಿನ ಒಂದು ಅಂಗಡಿಗೆ ಹೋಗಿದ್ದೆ. ಅಲ್ಲಿನ ಹುಡುಗ ಎರಡು ಇಟ್ಟ. ಒಂದು ಕ್ಯಾನನ್ 1500ಡಿ ಅನ್ನುವ ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ), 18-55 ಲೆನ್ಸ್ ಜೊತೆಗೆ. ಇನ್ನೊಂದು ಕೈಚೀಲದಲ್ಲಿ ಹಿಡಿಯುವಂಥ ಚಿಕ್ಕ ಡಿಜಿಟಲ್ ಕ್ಯಾಮೆರಾ. "ಇದು 40 ಎಕ್ಸ್ ಮೇಡಂ, ಅದು ಬರೀ 3 ಎಕ್ಸ್" ಅಂದ. ಹಾಗಾದರೆ ಚಿಕ್ಕದೇ ಜೋರು ಅಲ್ವಾ? ಆದರೆ ಎಲ್ಲರೂ ದೊಡ್ಡದನ್ನೇ ಒಳ್ಳೆಯದು ಅಂತಾರೆ. ನಮ್ಮನೆಯವರು ಎರಡೂ ಬೇಡ, ಫೋನ್ ಸಾಕು ಅಂತಾರೆ. ಗೊತ್ತಿರುವವರು ದಯವಿಟ್ಟು ಹೇಳಿ.

ಬೀರುವಿನ_ಕ್ಯಾಮೆರಾ:

ಮೇಡಂ, ನನ್ನ ಹೆಸರು ನೋಡಿದರೇ ಗೊತ್ತಾಗುತ್ತೆ. ಮಗನ ನಾಮಕರಣಕ್ಕೆ ಅಂತ ಡಿಎಸ್‌ಎಲ್‌ಆರ್ ತಗೊಂಡೆವು, ಎರಡು ಲೆನ್ಸ್, ದೊಡ್ಡ ಬ್ಯಾಗು. ಈಗ ಮಗ ಮೂರನೇ ಕ್ಲಾಸು. ಮಧ್ಯೆ ಎರಡು ಮಳೆಗಾಲ ಬ್ಯಾಗನ್ನು ಬೀರುವಿನಿಂದ ಹೊರಗೆ ತೆಗೆದೇ ಇರಲಿಲ್ಲ. ತೆಗೆದು ನೋಡಿದರೆ ಲೆನ್ಸ್ ಒಳಗೆ ಜೇಡರ ಬಲೆ ಥರ ಬಿಳಿ ಎಳೆ. ಫಂಗಸ್ ಅಂತೆ. ಚಿಕ್ಕದು ತಗೊಳ್ಳಿ. ಚಿಕ್ಕದಾದರೆ ಕೈಗೆ ಬರುತ್ತೆ.

ಪಿಇಎಸ್_ಪಕ್ಕದ_ಹುಡುಗ:

ಮೇಡಂ, ಡಿಎಸ್‌ಎಲ್‌ಆರ್ ಕಾಲ ಮುಗೀತು. ನಿಕಾನ್ ಡಿ3500 2018ರಲ್ಲಿ ಬಂತು, ಆ ಸಾಲಿನಲ್ಲಿ ಮುಂದಿನದು ಬರಲೇ ಇಲ್ಲ. ಕ್ಯಾನನ್, ನಿಕಾನ್ ಥರದ ದೊಡ್ಡ ಕಂಪನಿಗಳು ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಕಡೆ ಹೋಗಿವೆ. ಇನ್ನು ಸ್ವಲ್ಪ ದುಡ್ಡು ಸೇರಿಸಿ ಮಿರರ್‌ಲೆಸ್ ತಗೊಳ್ಳಿ. ಈಗ ಡಿಎಸ್‌ಎಲ್‌ಆರ್ ತಗೊಳ್ಳೋದು ಸುಮ್ನೆ ದಂಡ.

ಹಳೇ_ಸ್ಟುಡಿಯೊ:

"ಸ್ವಲ್ಪ ದುಡ್ಡು ಸೇರಿಸಿ" ಅನ್ನುವವರನ್ನು ಕಂಡರೆ ನನಗೆ ನಗು ಬರುತ್ತೆ. ಟೀಚರಮ್ಮ ಒಂದು ರೂಪಾಯಿಯೂ ಇಲ್ಲ ಅಂತ ಬರೆದಿದ್ದಾರಲ್ಲಪ್ಪ.

ಮೈಸೂರಿನಲ್ಲಿ ನನ್ನದೊಂದು ಪುಟ್ಟ ಸ್ಟುಡಿಯೊ ಇತ್ತು. ಈಗ ಬಾಗಿಲು ಹಾಕಿ, ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುವುದೇ ಕೆಲಸ. ಶುರು ಮಾಡಿದ್ದು ಯಾಷಿಕಾ ಮ್ಯಾಟ್‌ನಲ್ಲಿ. ಒಂದು ರೋಲಿಗೆ 12 ಫೋಟೊ. ಮದುವೆಯಲ್ಲಿ ಧಾರೆಗೆ ಎಷ್ಟು, ಊಟದ ಪಂಕ್ತಿಗೆ ಎಷ್ಟು ಅಂತ ಲೆಕ್ಕ ಹಾಕಿ ಗುಂಡಿ ಒತ್ತುತ್ತಿದ್ದ ಕಾಲ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೊದಲು ಆ ಎಕ್ಸ್ ವಿಷಯ. ಎಕ್ಸ್ ಅಂದರೆ ದೂರ ಅಲ್ಲ, ಬರೀ ಭಾಗಾಕಾರ. ದೂರ ಹೇಳುವುದು ಲೆನ್ಸಿನ ಎಂಎಂ ಸಂಖ್ಯೆ, ಅದು ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತೆ. 55ನ್ನು 18ರಿಂದ ಭಾಗಿಸಿದರೆ 3 ಚಿಲ್ಲರೆ, ಅದೇ 3 ಎಕ್ಸ್. ಹಕ್ಕಿಗೆ ಅಂತ ಬರುವ 55-250 ಲೆನ್ಸಿಗೆ ಲೆಕ್ಕ ಹಾಕಿದರೆ ನಾಲ್ಕೂವರೆ ಎಕ್ಸ್. ಕೇಳಲು ಏನೂ ಅಲ್ಲ. ಆದರೆ 1500ಡಿ ಮೇಲೆ ಹಾಕಿದರೆ ಹಳೇ ಫಿಲ್ಮ್ ಲೆಕ್ಕದಲ್ಲಿ 400 ಎಂಎಂ ಲೆನ್ಸಿನಷ್ಟು ಹತ್ತಿರ ಕಾಣುತ್ತೆ. 40 ಎಕ್ಸ್ ಚಿಕ್ಕ ಕ್ಯಾಮೆರಾ ಅದೇ ಲೆಕ್ಕದಲ್ಲಿ 960ರ ತನಕ ಹೋಗುತ್ತೆ. ಸುಳ್ಳಲ್ಲ, ದೂರಕ್ಕೆ ಅದೇ ಗಟ್ಟಿ. ರಂಗನತಿಟ್ಟಿನಲ್ಲಿ ದಡದಲ್ಲಿ ನಿಂತು ಆಚೆ ನಡುಗಡ್ಡೆಯ ಹಕ್ಕಿ ಹಿಡಿಯಬೇಕು ಅಂದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಆದರೆ ನೀವು ಹೋಗುವುದು ಬೆಳ್ಳೂರಿಗೆ. ಅಲ್ಲಿ ಹಕ್ಕಿ ಊರೊಳಗೇ ಇರುತ್ತೆ, ಮನೆ ಪಕ್ಕದ ಹುಣಸೆ ಮರದಲ್ಲಿ. ಹೆರಿಗೆಗೆ ತವರಿಗೆ ಬಂದ ಮಗಳು ಅನ್ನುತ್ತಾರೆ ಊರಿನವರು. ಅಷ್ಟು ಹತ್ತಿರದ ಗೂಡಿಗೆ 250 ಧಾರಾಳ. ಯಾರದಾದರೂ ತಾರಸಿ ಹತ್ತಲು ಕೇಳಿಕೊಂಡರೆ ಇನ್ನೂ ಚೆನ್ನ. ಟೋಪಿ ಮರೆಯಬೇಡಿ. ಹೆಜ್ಜಾರ್ಲೆ ಮೇಲಿಂದ ಹಾಕುವುದು ಚಮಚದ ಲೆಕ್ಕದಲ್ಲಿ ಅಲ್ಲ, ಲೋಟದ ಲೆಕ್ಕದಲ್ಲಿ. ಇನ್ನೊಂದು, ಮಧ್ಯಾಹ್ನದ ಬಿಸಿಲಿನಲ್ಲಿ ಚಿಕ್ಕ ಕ್ಯಾಮೆರಾದ ಪರದೆ ಕಾಣುವುದೇ ಕಷ್ಟ. ಕಣ್ಣಿಟ್ಟು ನೋಡುವ ಕಿಂಡಿ ಇದ್ದರೆ ಆ ಪಾಡಿಲ್ಲ.

ಈಗ ಆಲೆಮನೆಗೆ ಬನ್ನಿ. ನೀವು ಅದನ್ನು ಮೂರನೆಯದಾಗಿ, "ಅದನ್ನೂ ಒಂದಿಷ್ಟು" ಅಂತ ಬರೆದಿದ್ದೀರಿ. ನನಗೆ ಅದೇ ಮೊದಲನೆಯದು ಅನ್ನಿಸಿತು. ಕೊಕ್ಕರೆ ಮುಂದಿನ ವರ್ಷವೂ ಬರುತ್ತೆ. ಕೊಪ್ಪರಿಗೆ ಇಳಿಸಿದ ಮೇಲೆ ಮತ್ತೆ ಏರಿಸುವವರು ಯಾರು?

ಆಲೆಮನೆಯ ಬೆಳಕು ಎಂಥದ್ದು ನಿಮಗೆ ಗೊತ್ತು. ಒಂದು ಬಲ್ಬು, ಒಲೆಯ ಉರಿ, ಮಿಕ್ಕಿದ್ದೆಲ್ಲ ಹಬೆ. ಅದರ ಮೇಲೆ ಅಲ್ಲಿ ಯಾರೂ ಸುಮ್ಮನೆ ನಿಲ್ಲುವುದಿಲ್ಲ. ಭಾನುವಾರ ಸಂಜೆ ನಮ್ಮ ಅರಮನೆಯ ದೀಪ ತೆಗೆಯುವುದು ಕಷ್ಟ ಅಂತ ಜನ ತಿಳಿದುಕೊಂಡಿದ್ದಾರೆ. ಕಷ್ಟವೇ ಅಲ್ಲ. ಅರಮನೆ ಅಲ್ಲಾಡುವುದಿಲ್ಲವಲ್ಲ! ಯಾವ ಕ್ಯಾಮೆರಾ ಆದರೂ ಒಂದು ಗೋಡೆ ಮೇಲೆ ಇಟ್ಟು ನಿಧಾನಕ್ಕೆ ತೆಗೆಯಬಹುದು. ಪಾಕ ತಿರುವುವ ಕೈಯನ್ನು ಹಾಗೆ ತೆಗೆಯಲು ಆಗುವುದಿಲ್ಲ.

ಇಲ್ಲಿ ಎರಡು ವಿಷಯ. ಚಿಕ್ಕ ಕ್ಯಾಮೆರಾಗಳಲ್ಲಿ ಜಾಸ್ತಿ ಕಡೆ ಸೆನ್ಸರ್ (ಫಿಲ್ಮಿನ ಜಾಗದಲ್ಲಿ ಬೆಳಕು ಹಿಡಿಯುವ ಚಿಪ್) 6.2 × 4.6 ಮಿ.ಮೀ. ಒಂದು ತೊಗರಿಬೇಳೆ ಅಂದುಕೊಳ್ಳಿ. 1500ಡಿ ಸೆನ್ಸರ್ 22.3 × 14.9. ಗುಣಿಸಿ ನೋಡಿ, 12 ಪಟ್ಟು ಜಾಗ. ಕತ್ತಲಲ್ಲಿ ತೊಗರಿಬೇಳೆ ಸೆನ್ಸರಿನ ಫೋಟೊ ರವೆ ಚೆಲ್ಲಿದ ಹಾಗೆ ಬರುತ್ತೆ. ಫೋನಿನದೂ ಪುಟ್ಟದೇ, ಆದರೆ ಅದು ಹತ್ತಾರು ಫೋಟೊ ಸೇರಿಸಿ ಒಳಗೊಳಗೇ ತೇಪೆ ಹಾಕುತ್ತೆ. ಹಾಗಾಗಿ ನಿಮ್ಮ ಮನೆಯವರ ಮಾತೂ ಪೂರ್ತಿ ತಪ್ಪಲ್ಲ. ಆ ಚಿಕ್ಕ ಕ್ಯಾಮೆರಾ ನಿಮ್ಮ ಫೋನಿಗಿಂತ ಹೆಚ್ಚಾಗಿ ಕೊಡುವುದು ಝೂಮ್ ಒಂದನ್ನೇ. ಒಂದಿಂಚು ಸೆನ್ಸರಿನ ಒಳ್ಳೆಯ ಚಿಕ್ಕ ಕ್ಯಾಮೆರಾಗಳೂ ಇವೆ, ಸೋನಿ ಆರ್‌ಎಕ್ಸ್100 ಥರದವು. ಅವುಗಳಲ್ಲಿ ಹೊಸವು ನಿಮ್ಮ ಚೀಟಿ ದುಡ್ಡಿಗೆ ಸಿಗಲ್ಲ.

ಎರಡನೆಯದು ಲೆನ್ಸಿನ ಬಾಯಿ. 18-55 ಲೆನ್ಸು 55ರಲ್ಲಿ ಎಫ್ 5.6ಕ್ಕಿಂತ ಜಾಸ್ತಿ ಬಾಯಿ ಬಿಡುವುದಿಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು). 50 ಎಂಎಂ ಎಫ್ 1.8 ಅಂತ ಒಂದು ಪುಟ್ಟ ಲೆನ್ಸಿದೆ, ಝೂಮ್ ಇಲ್ಲ. ಅದು ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತೆ. 18-55ರಲ್ಲಿ ಷಟರ್ (ಬೆಳಕು ಬಿಡುವ ಪರದೆ) ಸೆಕೆಂಡಿನ ಆರನೇ ಒಂದು ಭಾಗ ತೆರೆದಿರಬೇಕಾದರೆ ಈ 50ರಲ್ಲಿ ಅರವತ್ತನೇ ಒಂದು ಭಾಗ ಸಾಕು. ಕೈ ಕಲಸಿಹೋಗುವುದಕ್ಕೂ ಕೈಯ ಬೊಬ್ಬೆ ಕಾಣುವುದಕ್ಕೂ ಇರುವ ವ್ಯತ್ಯಾಸ ಅಷ್ಟೇ. ಹಾಗಾಗಿ ದುಡ್ಡು ಹಾಕುವುದಾದರೆ ಲೆನ್ಸಿಗೆ ಹಾಕಿ. ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ಸೆಕೆಂಡ್ ಹ್ಯಾಂಡ್ ಸಾಕು. ಡಿಎಸ್‌ಎಲ್‌ಆರ್ ಕಾಲ ಮುಗೀತು ಅಂತ ಈ ಹುಡುಗ ಹೇಳಿದ್ದು ನಿಜ. ಅದಕ್ಕೇ ಈಗ ಅಗ್ಗಕ್ಕೆ ಸಿಗುತ್ತಿವೆ.

ಆದರೆ ಬೀರುವಿನ ಅಮ್ಮ ಹೇಳಿದ ಮಾತಿಗೂ ಬೆಲೆ ಇದೆ. 1500ಡಿ ತೂಕ 475 ಗ್ರಾಂ. ಎರಡು ಝೂಮ್ ಲೆನ್ಸ್ ಸೇರಿದರೆ ಒಂದು ಕೆಜಿ ದಾಟುತ್ತೆ. ಒಂದು ಕೆಲಸ ಮಾಡಿ. ಒಂದು ಲೀಟರ್ ನೀರಿನ ಬಾಟಲಿ ತುಂಬಿ ನಾಳೆಯಿಂದ ಹದಿನೈದು ದಿನ ಹೋದಲ್ಲೆಲ್ಲ ಒಯ್ಯಿರಿ. ಕುಡಿಯಬೇಡಿ, ಬರೀ ಹೊರಿ. ಆಮೇಲೆ ಮಾತಾಡೋಣ.

ಪಿಇಎಸ್_ಪಕ್ಕದ_ಹುಡುಗ:

ಸರ್, ಲೆನ್ಸ್ ಮಾತು ಒಪ್ಪಿದೆ. ಆದರೆ ವಿಡಿಯೊಗೆ 1500ಡಿ ಚೆನ್ನಾಗಿಲ್ಲ. ಹೊರಗಿನ ಮೈಕ್ ಸಿಕ್ಕಿಸುವ ತೂತೇ ಇಲ್ಲ ಅದರಲ್ಲಿ. ಮೇಡಂ, ನಿಮ್ಮ ಮಾವನ ಮಾತು ರೆಕಾರ್ಡ್ ಮಾಡುವುದಿದ್ದರೆ ಫೋನನ್ನೇ ಅವರ ಹತ್ತಿರ ಇಟ್ಟುಬಿಡಿ.

ಹಳೇ_ಸ್ಟುಡಿಯೊ:

ಇದು ಒಳ್ಳೆ ಮಾತು. ನನಗೆ ಹೊಳೆದಿರಲಿಲ್ಲ.

ಮದ್ದೂರು_ಟೀಚರ್:

ಹದಿನೈದು ದಿನ ಆಯಿತು ಸರ್. ನಿಜ ಹೇಳಿಬಿಡುತ್ತೇನೆ. ನಾಲ್ಕು ದಿನ ಬಾಟಲಿ ಮನೆಯಲ್ಲೇ ಬಿಟ್ಟು ಹೋದೆ. ಆ ನಾಲ್ಕೂ ದಿನ ಸ್ಕೂಲಿಗೆ ಹೋದ ದಿನಗಳೇ, ನೋಟ್ಸ್ ತಿದ್ದಲು ಇತ್ತು, ಬ್ಯಾಗ್ ಭಾರ. ಆಲೆಮನೆಗೆ ಹೋದ ದಿನ ಒಂದು ಸಲವೂ ಬಿಡಲಿಲ್ಲ. ಸಹೋದ್ಯೋಗಿಯೊಬ್ಬರ ಹತ್ತಿರ ಚಿಕ್ಕ ಝೂಮ್ ಕ್ಯಾಮೆರಾ ಇತ್ತು, ಒಂದು ರಾತ್ರಿಗೆ ಇಸ್ಕೊಂಡೆ. ನೀವು ರವೆ ಅಂದಿರಿ, ಚಿರೋಟಿ ರವೆಯೂ ಅಲ್ಲ, ದಪ್ಪ ರವೆ.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಏನು ನೋಡಬೇಕು?

ಹಳೇ_ಸ್ಟುಡಿಯೊ:

ಮದುವೆ ಫೋಟೊದವರ ಕ್ಯಾಮೆರಾ ಬೇಡ. ಈಗಿನ ಹುಡುಗರು ಒಂದು ಮದುವೆಗೆ ಎರಡು ಸಾವಿರ ಸಲ ಒತ್ತುತ್ತಾರೆ, ಷಟರ್ ಸವೆದಿರುತ್ತೆ. ಬೀರುವಿನಲ್ಲಿ ಮಲಗಿದ್ದ ಮನೆ ಕ್ಯಾಮೆರಾ ನೋಡಿ, ಆದರೆ ಲೆನ್ಸಿಗೆ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಎಳೆ ಎಳೆ ಕಂಡರೆ ಫಂಗಸ್, ಬಿಟ್ಟುಬಿಡಿ. ಬರೀ ದೂಳಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಬಿಳಿ ಗೋಡೆಯನ್ನು ಎಫ್ 16ರಲ್ಲಿ ಒಂದು ಫೋಟೊ ತೆಗೆಯಿರಿ. ಕಪ್ಪು ಚುಕ್ಕೆ ಬಂದರೆ ಸೆನ್ಸರ್ ಮೇಲೆ ಕೊಳೆ, ಅದನ್ನು ತೆಗೆಸಬಹುದು, ಆ ಹೆಸರಲ್ಲಿ ಐನೂರೋ ಸಾವಿರವೋ ಬೆಲೆ ಇಳಿಸಿ.

ಕೊಂಡ ಮೇಲೆ ಬ್ಯಾಗಿನಲ್ಲಿ ಇಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಕುಡಿದಿದೆ ಅಂತ ಅರ್ಥ, ಬಿಸಿ ಮಾಡಿದರೆ ಮತ್ತೆ ನೀಲಿ. ವಿಜ್ಞಾನದ ಟೀಚರಿಗೆ ನಾನು ಹೇಳುವುದೇನಿದೆ.

ಆಲೆಮನೆಯ ಹಬೆ ಲೆನ್ಸಿಗೆ ಅಂಟುತ್ತೆ, ಸಕ್ಕರೆ ಅದು, ಒಣಬಟ್ಟೆಯಲ್ಲಿ ಉಜ್ಜಬೇಡಿ. ಮುಂದೆ ಒಂದು ಯುವಿ ಫಿಲ್ಟರ್ ಹಾಕಿಕೊಳ್ಳಿ. 50 ಎಂಎಂಗೆ ಜಾಗ ಜಾಸ್ತಿ ಬೇಕು, ಹಿಂದೆ ಹಿಂದೆ ಹೋಗಬೇಕಾಗುತ್ತೆ. ಕಣ್ಣು ಕಿಂಡಿಯಲ್ಲಿಟ್ಟು ಮಾತ್ರ ಹಿಂದಕ್ಕೆ ನಡೆಯಬೇಡಿ ತಾಯಿ. ಹಿಂದೆ ಕುದಿಯುವ ಕೊಪ್ಪರಿಗೆ ಇರುತ್ತೆ.

ಮದ್ದೂರು_ಟೀಚರ್:

ತಡವಾಗಿ ಬರೆಯುತ್ತಿದ್ದೇನೆ, ಪರೀಕ್ಷೆ ಇತ್ತು. ಮಂಡ್ಯದಲ್ಲಿ ಒಬ್ಬರ ಮನೆಯಿಂದ 1500ಡಿ, 18-55 ಸೇರಿ 23 ಸಾವಿರಕ್ಕೆ ಸಿಕ್ಕಿತು. ಟಾರ್ಚ್ ಬಿಟ್ಟು ನೋಡಿದ್ದಕ್ಕೆ ಅವರಿಗೆ ಸ್ವಲ್ಪ ಬೇಜಾರಾಯಿತು. 50 ಎಂಎಂ ಮಾತ್ರ ಹೊಸದು ತಗೊಂಡೆ. 55-250 ಆಮೇಲೆ, ಹಕ್ಕಿ ಬರುವುದರೊಳಗೆ ನೋಡೋಣ.

ಮೂರು ರಾತ್ರಿ ಆಲೆಮನೆಯಲ್ಲಿದ್ದೆ. ಮೊದಲ ರಾತ್ರಿ ಒಂದೂ ಸರಿ ಬರಲಿಲ್ಲ. ಎಫ್ 1.8ರಲ್ಲಿ ಮಾವನ ಮೂಗು ಚೆನ್ನಾಗಿ ಬಂದಿದೆ, ಕಣ್ಣು ಮಸುಕು. ಎರಡನೇ ರಾತ್ರಿ ಲೆನ್ಸಿನ ಬಾಯಿಯನ್ನು 2.8ಕ್ಕೆ ಕಿರಿದು ಮಾಡಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ಕ್ಕೆ ಏರಿಸಿದೆ. ಆಗ ಬಂತು. ಪಾಕವನ್ನು ಅಚ್ಚಿಗೆ ಸುರಿಯುವಾಗ ಹಬೆ ಎದ್ದು, ಅದರ ಹಿಂದೆ ಮಾವನ ಮುಖ, ಒಲೆಯ ಬೆಳಕು ಒಂದು ಕೆನ್ನೆಗೆ ಮಾತ್ರ.

ಪ್ರಿಂಟ್ ಹಾಕಿಸಿ ಮಾವನ ಕೈಗೆ ಕೊಟ್ಟೆ. ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು. ತಮ್ಮ ಮುಖದ ಬಗ್ಗೆ ಒಂದು ಮಾತೂ ಇಲ್ಲ. "ಅವತ್ತು ಪಾಕ ಒಂಚೂರು ಎಳಸು, ಬಣ್ಣ ನೋಡು" ಅಂದರು. ಅವತ್ತಿನ ಬೆಲ್ಲ ಚೆನ್ನಾಗಿಯೇ ಇತ್ತು ಸರ್, ನಾವು ತಿಂದಿದ್ದೇವೆ. ಇದು ಪಾಕದ ಬಣ್ಣವೋ, ಕ್ಯಾಮೆರಾ ಬಲ್ಬಿನ ಬೆಳಕಿಗೆ ಹಾಗೆ ಹಳದಿ ಮಾಡಿತೋ? ಇದನ್ನು ಸರಿ ಮಾಡುವುದು ಹೇಗೆ?

ಹಳೇ_ಸ್ಟುಡಿಯೊ:

ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕಂತೆ ಬಿಳಿಯನ್ನು ಬಿಳಿಯಾಗಿ ತೋರಿಸುವ ಹೊಂದಿಕೆ) ಆಟೊದಲ್ಲಿ ಬಿಟ್ಟಿದ್ದೀರಿ. ಮುಂದಿನ ಸಲ ಕೊಪ್ಪರಿಗೆ ಹತ್ತಿರ ಒಂದು ಬಿಳಿ ಹಾಳೆ ಹಿಡಿಸಿ, ಕಿಂಡಿ ತುಂಬ ಅದನ್ನೇ ತೆಗೆದು, ಮೆನುವಿನಲ್ಲಿ ಕಸ್ಟಮ್ ವೈಟ್ ಬ್ಯಾಲೆನ್ಸ್ ಅಂತ ಇರುತ್ತೆ, ಅದಕ್ಕೆ ಆ ಫೋಟೊ ಕೊಡಿ. ರಾ ಫೈಲಿನಲ್ಲಿ (ಸೆನ್ಸರ್ ಹಿಡಿದದ್ದನ್ನು ಹಾಗೇ ಇಡುವ ಫೈಲ್) ತೆಗೆದಿದ್ದರೆ ಈಗಲೂ ಸರಿ ಮಾಡಬಹುದು. ಸರಿ ಮಾಡಿ ಇನ್ನೊಂದು ಪ್ರಿಂಟ್ ಹಾಕಿಸಿ, ಎರಡನ್ನೂ ಮಾವನ ಮುಂದಿಟ್ಟು ಕೇಳಿ. ಆಗಲೂ ಎಳಸು ಅಂದರೆ ಎಳಸೇ ಇರಬೇಕು.