ಪಿಸಿ 24 ಗಂಟೆ ಆನ್, ಗೃಹಜ್ಯೋತಿ ಹೋಯ್ತು. ದಾರಿ ಹೇಳಿ

ರಾಯಚೂರು_ಮಾಳಿಗೆ: ಸೊನ್ನೆ ಬಿಲ್ ಬರುತ್ತಿತ್ತು. ಈ ತಿಂಗಳು ಪೂರ್ತಿ ಕಟ್ಟಿ ಅಂತ ಬಂದಿದೆ. ಹೊಸದಾಗಿ ಮಾಡಿದ್ದು ಒಂದೇ, ಕ್ಯಾಮೆರಾ ರೆಕಾರ್ಡಿಂಗ್‌ಗೆ ಅಂತ ಪಿಸಿ ಹಗಲು ರಾತ್ರಿ ಆನ್ ಇಟ್ಟಿದ್ದೇನೆ. ಒಂದು ಪಿಸಿ ಇಷ್ಟು ಎಳೆಯುತ್ತಾ? ಅಪ್ಪ ಎರಡು ದಿನದಿಂದ ಮಾತಾಡಿಲ್ಲ.

ಸಿಂಧನೂರು_ರಿಪೇರಿ: ಎಸ್‌ಎಂಪಿಎಸ್, ಅಂದರೆ ಪಿಸಿಗೆ ಕರೆಂಟ್ ಕೊಡೋ ಡಬ್ಬಿ, ಎಷ್ಟು ವಾಟ್? 450 ಇದ್ದರೆ ದಿನಕ್ಕೆ 10.8 ಯೂನಿಟ್, ತಿಂಗಳಿಗೆ 324. ಅದೇ ಕಾರಣ.

ತೋರಣಗಲ್ಲು_ಶಿಫ್ಟ್: ಹಾಗಲ್ಲ ಗುರು. 450 ಅಂದರೆ ಅದು ಕೊಡಬಲ್ಲ ಗರಿಷ್ಠ. ಸುಮ್ನೆ ರೆಕಾರ್ಡ್ ಮಾಡೋ ಪಿಸಿಗೆ ಅಷ್ಟು ಬೇಕಾಗಲ್ಲ. ಬಿಲ್‌ನಲ್ಲಿ ಯೂನಿಟ್ ಎಷ್ಟಿದೆ, ಮೊದಲು ಅದನ್ನು ಹೇಳಿ ಅಣ್ಣಾ.

ರಾಯಚೂರು_ಮಾಳಿಗೆ: 208. ಮೊದಲೆಲ್ಲ 100ರ ಆಸುಪಾಸು.

ತೋರಣಗಲ್ಲು_ಶಿಫ್ಟ್: ನೋಡಿ, 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಬಳಕೆ, ಅದರ ಮೇಲೆ 10% ತನಕ ಉಚಿತ. ಅದು ದಾಟಿದರೂ 200ರೊಳಗಿದ್ದರೆ ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್. ಬರೀ 8 ಯೂನಿಟ್‌ಗೆ ಸಿಕ್ಕಿಕೊಂಡಿದ್ದೀರಿ.

ಸಿಂಧನೂರು_ರಿಪೇರಿ: ಲೋಕಲ್ ಎಸ್‌ಎಂಪಿಎಸ್ ಆದರೆ ಕರೆಂಟ್ ಬಿಸಿಯಾಗಿಯೇ ಹೋಗುತ್ತದೆ. ಫೋಟೋ ಹಾಕಿ, ಹೇಳ್ತೀನಿ.

ಗಂಗಾವತಿ_ಸೋಲಾರ್: ಪಿಸಿ ಯಾಕೆ ರೀ ಬೇಕು? ನನ್ನದು ರಾಸ್ಪ್‌ಬೆರಿ ಪೈ, ಅಂಗೈಯಷ್ಟು ಪುಟ್ಟ ಕಂಪ್ಯೂಟರ್, ಡಿಸ್ಕ್ ಸೇರಿ 10 ವಾಟ್. ತಿಂಗಳಿಗೆ 7 ಯೂನಿಟ್ ಅಷ್ಟೇ. ಅದೂ ಮಾಳಿಗೆ ಮೇಲಿನ ಪ್ಯಾನೆಲ್‌ನಿಂದ. ಎರಡು ವರ್ಷದಿಂದ ಒಂದು ಸಲವೂ ನಿಂತಿಲ್ಲ.

ಮಾನ್ವಿ_ಕೇಬಲ್: ಶಕ್ತಿನಗರದಲ್ಲಿ 1720 ಮೆಗಾವಾಟ್ ಸ್ಥಾವರ ಇಟ್ಟುಕೊಂಡು ರಾಯಚೂರಿನವರೇ ಯೂನಿಟ್ ಎಣಿಸಬೇಕು. ಬೇಜಾರಾಗುತ್ತದೆ.

ತೋರಣಗಲ್ಲು_ಶಿಫ್ಟ್: ನಮ್ಮ ಕುಡತಿನಿಯಲ್ಲೂ 1700 ಇದೆ. ಆ ಮಾತು ಬೇರೆ ಕಡೆ ಆಡೋಣ. ಅಣ್ಣಾ, ಮೀಟರ್ ಮೇಲೆ 3200 ಅಂತ ಬರೆದಿದ್ದರೆ ಕೆಂಪು ದೀಪ 3200 ಸಲ ಮಿಟುಕಿದಾಗ ಒಂದು ಯೂನಿಟ್. ಫ್ರಿಜ್, ಫ್ಯಾನ್ ಎಲ್ಲಾ ಆಫ್ ಮಾಡಿ. ಪಿಸಿ ಒಂದೇ ಇರಲಿ. 10 ಮಿಟುಕಿಗೆ ಎಷ್ಟು ಸೆಕೆಂಡ್ ನೋಡಿ, 11,250ನ್ನು ಅದರಿಂದ ಭಾಗಿಸಿ. ಬಂದದ್ದು ವಾಟ್.

ರಾಯಚೂರು_ಮಾಳಿಗೆ: 3200ನೇ ಇದೆ. 75 ಸೆಕೆಂಡ್, ಅಂದರೆ 150 ವಾಟ್. ಪಿಸಿ ಆಫ್ ಮಾಡಿದೆ. ಆಮೇಲೂ ದೀಪ ಮಿಟುಕುತ್ತಲೇ ಇತ್ತು! 10ಕ್ಕೆ 245 ಸೆಕೆಂಡ್, ಸುಮಾರು 46 ವಾಟ್. ಮನೆಯಲ್ಲಿ ಏನೂ ಆನ್ ಇಲ್ಲ.

ಸಿಂಧನೂರು_ರಿಪೇರಿ: ಶಟ್‌ಡೌನ್ ಆದರೂ ಎಸ್‌ಎಂಪಿಎಸ್ ಎಳೆಯುತ್ತದೆ. ಪ್ಲಗ್ ಕಿತ್ತಿದ್ದೀರಾ?

ರಾಯಚೂರು_ಮಾಳಿಗೆ: ಕಿತ್ತೇ ನೋಡಿದ್ದು ಸರ್.

ತೋರಣಗಲ್ಲು_ಶಿಫ್ಟ್: ಇನ್ವರ್ಟರ್ ಇದೆಯಾ?

ರಾಯಚೂರು_ಮಾಳಿಗೆ: ಇದೆಯಲ್ಲ, ಎಲ್ಲರ ಮನೆಯಲ್ಲೂ ಇರುತ್ತದೆ. ಬ್ಯಾಟರಿ ಐದು ವರ್ಷದ್ದು. ಈಗ ಮುಟ್ಟಿ ನೋಡಿದೆ, ಬೆಚ್ಚಗಿದೆ. ಮುಚ್ಚಳ ತೆಗೆದರೆ ಎರಡು ಸೆಲ್‌ನಲ್ಲಿ ನೀರು ಪ್ಲೇಟ್‌ಗಿಂತ ಕೆಳಗೆ.

ತೋರಣಗಲ್ಲು_ಶಿಫ್ಟ್: ಅಲ್ಲೇ ಇದೆ. ಬ್ಯಾಟರಿ ಸೋತಿದೆ, ಚಾರ್ಜ್ ಹಿಡಿಯುತ್ತಿಲ್ಲ, ಇನ್ವರ್ಟರ್ ಸುಮ್ನೆ ತುಂಬಿಸುತ್ತಲೇ ಇದೆ. ತಿಂಗಳಿಗೆ 33 ಯೂನಿಟ್. ಪಿಸಿ 104 ವಾಟ್, 75 ಯೂನಿಟ್. ಎರಡೂ ಸೇರಿ 108, ನಿಮ್ಮ ಹಳೇ 100ರ ಮೇಲೆ ಸರಿಯಾಗಿ 208. ಡಿಸ್ಟಿಲ್ಡ್ ವಾಟರ್ ಹಾಕಿ ನೋಡಿ. ಆಗಲಿಲ್ಲ ಅಂದರೆ ಬ್ಯಾಟರಿ ಬದಲಿಸಿ.

ಸಿಂಧನೂರು_ರಿಪೇರಿ: ಆದರೂ 104 ಜಾಸ್ತಿ. ಎಸ್‌ಎಂಪಿಎಸ್ ಫೋಟೋ ಇನ್ನೂ ಬಂದಿಲ್ಲ.

ರಾಯಚೂರು_ಮಾಳಿಗೆ: ಇನ್ವರ್ಟರ್ ಪ್ಲಗ್ ತೆಗೆದೆ, ಮಿಟುಕೋದು ನಿಂತಿತು. ಅಪ್ಪನನ್ನು ಮೀಟರ್ ಹತ್ತಿರ ಕರೆದು ತೋರಿಸಿದೆ. ಸಂಜೆ ನೀರು ತರಲು ಅವರೇ ಹೊರಟಿದ್ದಾರೆ.